ಯೋನನ ಗಿಡ ಮತ್ತು ಸಂತ ಜೆರೋಮರು



ಸೆಪ್ಟೆಂಬರ್ 30ರಂದು ಧರ್ಮಸಭೆ ಸಂತ ಜೆರೋಮರ ಹಬ್ಬವನ್ನು ಆಚರಿಸುತ್ತದೆ. ಪವಿತ್ರ ಗ್ರಂಥವನ್ನು ಲತೀನ್ ಭಾಷೆಗೆ ತಂದ ಮಹಾಪಂಡಿತರೆಂದು ನಾವು ಅವರನ್ನು ಸ್ಮರಿಸುತ್ತೇವೆ. ಅದೇ ಕೆಲಸಕ್ಕಾಗಿ ಅವರು ತಮ್ಮ ಕಾಲದಲ್ಲಿ ಸಾಕಷ್ಟು ಬೈಗುಳವನ್ನೂ ತಿಂದರು. "ನಮ್ಮ ಬೈಬಲೇ ಸರಿ, ಬೇರೆಯವರದು ತಪ್ಪು" ಎಂಬ ವಾದ ನಮ್ಮ ಕುಟುಂಬಗಳಲ್ಲಿಯೂ ಆಗಾಗ ಏಳುವುದರಿಂದ, ಆ ಹಳೆಯ ಜಗಳವನ್ನು ತಿಳಿದುಕೊಳ್ಳುವುದು ಒಳ್ಳೆಯದು.

ಆ ಕಾಲದ ಲತೀನ್ ಹಳೆಯ ಒಡಂಬಡಿಕೆಯು ಗ್ರೀಕ್ ಅನುವಾದದಿಂದ ಮಾಡಿದ ಅನುವಾದವಾಗಿತ್ತು. ಜೆರೋಮರು ಬೆತ್ಲೆಹೇಮಿನಲ್ಲಿ ಕುಳಿತು ನೇರವಾಗಿ ಹೀಬ್ರೂ ಮೂಲದಿಂದಲೇ ಅನುವಾದಿಸಿದರು. ಕ್ರಿ.ಶ. 403ರಲ್ಲಿ ಸಂತ ಅಗಸ್ಟೀನರು ಅವರಿಗೆ ಒಂದು ಪತ್ರ ಬರೆದು, ಓಯಾ ಪಟ್ಟಣದಲ್ಲಿ (ಇಂದಿನ ಲಿಬಿಯಾದ ತ್ರಿಪೋಲಿ) ನಡೆದ ಗಲಾಟೆಯನ್ನು ತಿಳಿಸಿದರು. ಅಲ್ಲಿನ ಧರ್ಮಾಧ್ಯಕ್ಷರು ದೇವಾಲಯದಲ್ಲಿ ಹೊಸ ಅನುವಾದವನ್ನು ಓದಿಸಿದರು. ಪ್ರವಾದಿ ಯೋನನಿಗೆ ನೆರಳು ಕೊಟ್ಟ ಗಿಡದ ಹೆಸರು (ಯೋನ 4:6) ಬದಲಾಗಿತ್ತು! ತಲೆತಲಾಂತರದಿಂದ ಜನ ಕೇಳುತ್ತಿದ್ದುದು ಸೋರೆ. ಈಗ ಬಂದಿದ್ದು ಐವಿ ಬಳ್ಳಿ. ಜನ ರೇಗಿದರು. ಗ್ರೀಕರಂತೂ ಇದು ಗ್ರಂಥವನ್ನೇ ಕೆಡಿಸುವ ಕೆಲಸವೆಂದರು. ಧರ್ಮಾಧ್ಯಕ್ಷರು ಊರಿನ ಯೆಹೂದ್ಯರನ್ನು ವಿಚಾರಿಸಿದರೆ ಅವರೂ ಹಳೆಯದೇ ಸರಿ ಎಂದುಬಿಟ್ಟರು. ಕೊನೆಗೆ ಜನರೆಲ್ಲ ತಮ್ಮನ್ನು ಬಿಟ್ಟುಹೋದಾರೆಂದು ಅವರು ಆ ಪದವನ್ನು ತಿದ್ದಬೇಕಾಯಿತು.

ಜೆರೋಮರ ಉತ್ತರ ಖಾರವಾಗಿಯೇ ಇತ್ತು (ಅವರ ಸಿಟ್ಟು ಪ್ರಸಿದ್ಧ). ಆ ಗಿಡಕ್ಕೆ ಅಗಲವಾದ ಎಲೆಗಳಿವೆ, ಆಸರೆಯಿಲ್ಲದೆ ತನ್ನ ಕಾಂಡದ ಮೇಲೆಯೇ ನಿಲ್ಲುತ್ತದೆ, ಅದಕ್ಕೆ ಲತೀನಿನಲ್ಲಿ ಹೆಸರೇ ಇಲ್ಲ. ಹೀಬ್ರೂ ಹೆಸರನ್ನೇ ಇಟ್ಟರೆ ಯಾರಿಗೂ ಅರ್ಥವಾಗದೆಂದು ಹಿಂದಿನ ಕೆಲವು ಅನುವಾದಕರಂತೆ ಐವಿ ಎಂದೆ ಎಂದರು. ಈ ವರ್ಣನೆ ಕೇಳಿದರೆ ನಮ್ಮ ಹೊಲದ ಬದುವಿನ ಹರಳು ಗಿಡ ನೆನಪಾಗುವುದಿಲ್ಲವೇ? ಇಂದಿನ ಪಂಡಿತರಲ್ಲಿ ಅನೇಕರು ಹೇಳುವುದೂ ಅದನ್ನೇ. ಹಾಗಾದರೆ ಊರೇ ಎದ್ದು ಜಗಳವಾಡಿದ ಎರಡು ಪದಗಳೂ ಸರಿಯಲ್ಲ!

ಆದರೂ ಆ ಜನರನ್ನು ನಾವು ಹಗುರವಾಗಿ ಕಾಣಲಾರೆವು. ಅವರು ಕಾಯುತ್ತಿದ್ದುದು ತಮ್ಮ ಪ್ರಾರ್ಥನೆಯ ಮಾತನ್ನು. ಕೀರ್ತನೆಗಳ ವಿಷಯದಲ್ಲಿ ಲತೀನ್ ಧರ್ಮಸಭೆಯೂ ಹೀಗೆಯೇ ನಡೆದುಕೊಂಡಿತು: ಜೆರೋಮರು ಹೀಬ್ರೂವಿನಿಂದ ಮಾಡಿದ ಕೀರ್ತನೆಗಳನ್ನು ಬಿಟ್ಟು, ಗ್ರೀಕ್ ಮೂಲದವುಗಳನ್ನೇ ಹಾಡುತ್ತ ಬಂದಿತು. ಒಂದು ಹೀಬ್ರೂ ಪದ ತಿಳಿದವನು ಬಾಯಿಪಾಠವಾದ ಪ್ರಾರ್ಥನೆಯನ್ನು ಅಣಕಿಸುವುದು ಪಾಂಡಿತ್ಯವಲ್ಲ.

ವಿಚಿತ್ರವೆಂದರೆ, ಬೈಗುಳ ತಿಂದ ಈ ಅನುವಾದವೇ ಕ್ರಮೇಣ 'ವುಲ್ಗಾತ' ಎಂಬ ಹೆಸರಿನಲ್ಲಿ ಯಾರೂ ಕೈಹಚ್ಚಬಾರದ ಗ್ರಂಥವಾಯಿತು. 1546ರಲ್ಲಿ ತ್ರೆಂತ್ ಮಹಾಸಭೆ ಅದನ್ನು ಅಧಿಕೃತವೆಂದು ಸಾರಿತು. ಮೂಲಭಾಷೆಗಳನ್ನು ಬದಿಗಿಡುವುದು ಇದರ ಅರ್ಥವಲ್ಲವೆಂದು ಜಗದ್ಗುರು 12ನೇ ಪಯಸ್ 1943ರಲ್ಲಿ ಸ್ಪಷ್ಟಪಡಿಸಿದರು. 1979ರಲ್ಲಿ ಪರಿಷ್ಕೃತ ವುಲ್ಗಾತವೂ ಹೊರಬಂತು. ಇತ್ತ ಇಂಗ್ಲಿಷ್ ಬಲ್ಲ ಪ್ರೊಟೆಸ್ಟೆಂಟರಲ್ಲಿ ಕೆಲವರು 1611ರ ಕಿಂಗ್ ಜೇಮ್ಸ್ ಬೈಬಲ್ ಒಂದನ್ನೇ ಒಪ್ಪುತ್ತಾರೆ. ಅದರ ಅನುವಾದಕರಾದರೋ ತಮ್ಮ ಮುನ್ನುಡಿಯಲ್ಲಿ ಬೇರೆ ಅನುವಾದಗಳನ್ನೂ ದೇವರ ವಾಕ್ಯವೆಂದೇ ಗೌರವಿಸಿದ್ದರು.

ಈಗ ನಮ್ಮ ಮನೆಗಳ ಮಾತು. ಸೊಸೆ ತವರಿನಿಂದ ತಂದ ಸತ್ಯವೇದದಲ್ಲಿ 'ಯೆಹೋವ', 'ಸುವಾರ್ತೆ' ಎಂದಿರುತ್ತದೆ. ನಮ್ಮ ಬೈಬಲಿನಲ್ಲಿ 'ಸರ್ವೇಶ್ವರ', 'ಶುಭಸಂದೇಶ'. ಇದಕ್ಕಾಗಿ ಆಕೆಯ ಗ್ರಂಥವನ್ನು ಕಪಾಟಿನ ಮೇಲೆ ಎತ್ತಿಡಬೇಕಾಗಿಲ್ಲ. ತೊಬಿತ, ಸಿರಾಖ, ಮಕ್ಕಬಿಯರ ಮುಂತಾದ ಏಳು ಗ್ರಂಥಗಳು ಪ್ರೊಟೆಸ್ಟೆಂಟ್ ಪ್ರತಿಗಳ ಹಳೆಯ ಒಡಂಬಡಿಕೆಯಲ್ಲಿ ಸೇರಿರುವುದಿಲ್ಲ. ಅವುಗಳಿಗೆ ನಮ್ಮ ಪ್ರತಿಯೇ ಬೇಕು. ಬಲಿಪೂಜೆಯಲ್ಲಿ ಧರ್ಮಾಧ್ಯಕ್ಷರು ಅನುಮೋದಿಸಿದ ವಾಚನಗಳನ್ನೇ ಓದಬೇಕು. ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ ಎರಡನ್ನೂ ತೆರೆದಿಟ್ಟು, ಒಂದೇ ಅಧ್ಯಾಯವನ್ನು ಅತ್ತೆ ಒಂದರಿಂದ, ಸೊಸೆ ಇನ್ನೊಂದರಿಂದ ಓದಲಿ. ಯೋನನ ನಾಲ್ಕನೆಯ ಅಧ್ಯಾಯದಿಂದ ಪ್ರಾರಂಭಿಸಬಹುದು.