ಬೀಗ ಹಾಕಿದ ಮನೆ, ತಪ್ಪಿದ ಎರಡು ಹನಿ

ಕಬ್ಬಿನ ಹಂಗಾಮು ಶುರುವಾದರೆ ಕಲಬುರಗಿ ಜಿಲ್ಲೆಯ ಅಫಜಲಪುರ, ಆಳಂದ ತಾಲ್ಲೂಕುಗಳ ಹೊಲಗಳ ಬದಿಯಲ್ಲಿ ಕಬ್ಬು ಕಡಿಯುವ ಗ್ಯಾಂಗ್‌ಗಳ ಜೋಪಡಿಗಳು ಏಳುತ್ತವೆ. ಇತ್ತ ಆಳಂದ, ಜೇವರ್ಗಿಯ ಹಳ್ಳಿ–ತಾಂಡಾಗಳಿಂದ ಕುಟುಂಬಗಳು ಮುಂಬೈ, ಪುಣೆ, ಹೈದರಾಬಾದ್‌ಗಳಿಗೆ ಗುಳೆ ಹೊರಡುತ್ತವೆ. ಬಂದವರ ಮಕ್ಕಳ ಹೆಸರು ಇಲ್ಲಿನ ಆಶಾ ಕಾರ್ಯಕರ್ತೆಯ ಲಸಿಕೆ ಪಟ್ಟಿಯಲ್ಲಿರುವುದಿಲ್ಲ. ಹೋದವರ ಮಕ್ಕಳು ಅಲ್ಲಿನ ಪಟ್ಟಿಗೆ ಸೇರುವುದೂ ಖಾತ್ರಿಯಿಲ್ಲ. ಹೀಗೆ ಇಬ್ಬರಿಗೂ ಪೋಲಿಯೊ ಹನಿ ತಪ್ಪಬಹುದು.

ಭಾರತದಲ್ಲಿ ಕಾಡು ಪೋಲಿಯೊದ (ನಿಸರ್ಗದಲ್ಲಿ ಹರಡುವ ಮೂಲ ವೈರಾಣು) ಕೊನೆಯ ಪ್ರಕರಣ ಹೌರಾದಲ್ಲಿ ಕಂಡದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್ 27ರಂದು ದೇಶಕ್ಕೆ ಪೋಲಿಯೊಮುಕ್ತ ಪ್ರಮಾಣಪತ್ರವೂ ಸಿಕ್ಕಿತು. ಹಾಗಿದ್ದರೆ ಈಗೇಕೆ ಚಿಂತೆ?

ಬಾಯಿಗೆ ಹಾಕುವ ಹನಿಯಲ್ಲಿರುವುದು ಬಲ ಕುಂದಿಸಿದ ಜೀವಂತ ವೈರಾಣು. ಅದು ಮಗುವಿನ ಕರುಳಿನಲ್ಲಿ ಬೆಳೆದು, ರಕ್ಷಣೆ ಕೊಟ್ಟು, ಕೆಲವು ವಾರ ಮಲದ ಮೂಲಕ ಹೊರಹೋಗುತ್ತದೆ. ಸುತ್ತಲಿನ ಮಕ್ಕಳೆಲ್ಲ ಲಸಿಕೆ ಪಡೆದಿದ್ದರೆ ಅದರ ಆಟ ಅಲ್ಲಿಗೇ ಮುಗಿಯಿತು. ಲಸಿಕೆ ತಪ್ಪಿದ ಮಕ್ಕಳೇ ಹೆಚ್ಚಿದ್ದರೆ ಒಬ್ಬರಿಂದೊಬ್ಬರಿಗೆ ದಾಟುತ್ತ, ತಿಂಗಳುಗಟ್ಟಲೆ ಬದಲಾಗುತ್ತ, ಕೈಕಾಲಿನ ಬಲ ಕಸಿಯುವ ಶಕ್ತಿಯನ್ನು ಮತ್ತೆ ಪಡೆಯಬಲ್ಲದು.

2016ರಲ್ಲಿ ಹೈದರಾಬಾದಿನ ಚರಂಡಿ ನೀರಿನಲ್ಲಿ ಸಿಕ್ಕಿದ್ದು ಹೀಗೆ ಬದಲಾದ, 2ನೇ ಮಾದರಿಯ ಲಸಿಕೆ ವೈರಾಣು. ಯಾವ ಮಗುವಿಗೂ ಪಾರ್ಶ್ವವಾಯು ತಗುಲಿರಲಿಲ್ಲ. ಆದರೂ ಕಾಯುತ್ತ ಕೂರದೆ ಆಡಳಿತವು ಹೈದರಾಬಾದ್, ರಂಗಾರೆಡ್ಡಿ ಜಿಲ್ಲೆಗಳ ಸುಮಾರು 3 ಲಕ್ಷ ಮಕ್ಕಳಿಗೆ ಚುಚ್ಚುಮದ್ದು ಹಾಕಿಸಿತು. ಚುಚ್ಚುಮದ್ದಿನಲ್ಲಿರುವುದು ಸತ್ತ ವೈರಾಣು, ಅದು ತಿರುಗಿಬೀಳುವ ಭಯವಿಲ್ಲ. ಕಲಬುರಗಿಯ ಗುಳೆ ಕುಟುಂಬಗಳು ದುಡಿಯುವ ನಗರಗಳಲ್ಲಿ ಹೈದರಾಬಾದೂ ಒಂದು.

ಇದು ಬಡ ಊರುಗಳ ಕಥೆಯಷ್ಟೇ ಅಲ್ಲ. 2022ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಕ್‌ಲ್ಯಾಂಡ್ ಕೌಂಟಿಯಲ್ಲಿ ಲಸಿಕೆಯನ್ನೇ ಪಡೆಯದ ಯುವಕನಿಗೆ ಇಂಥದೇ ವೈರಾಣುವಿನಿಂದ ಪಾರ್ಶ್ವವಾಯು ಬಡಿಯಿತು. ಅಮೆರಿಕ ಬಾಯಿಹನಿ ನಿಲ್ಲಿಸಿ ಆಗಲೇ 22 ವರ್ಷವಾಗಿತ್ತು. ವೈರಾಣು ಹೊರಗಿನಿಂದ ಬಂದಿತ್ತು. ಆ ಕೌಂಟಿಯಲ್ಲಿ ಎರಡು ವರ್ಷದ ಮಕ್ಕಳ ಪೈಕಿ ಪೋಲಿಯೊ ಲಸಿಕೆ ಪೂರ್ತಿ ಪಡೆದವರು ಶೇ 60ರ ಆಸುಪಾಸು.

ನಮ್ಮಲ್ಲಿ ಹನಿ ತಪ್ಪದಂತೆ ಪಲ್ಸ್ ಪೋಲಿಯೊ ತಂಡ ಮನೆಮನೆಗೆ ಬಂದಾಗ ಎಲ್ಲ ಮಕ್ಕಳಿಗೂ ಹನಿ ಬಿದ್ದ ಮನೆಗೆ ‘ಪಿ’, ಬೀಗ ಹಾಕಿದ ಅಥವಾ ಮಗು ತಪ್ಪಿದ ಮನೆಗೆ ‘ಎಕ್ಸ್’ ಎಂದು ಗುರುತು ಹಾಕುತ್ತದೆ. ‘ಎಕ್ಸ್’ ಮನೆಗೆ ಮತ್ತೆ ಬರಬೇಕು. ಆದರೆ ಮನೆಯವರು ಪುಣೆಯ ಕಟ್ಟಡದ ಕೆಲಸದಲ್ಲಿದ್ದರೆ ಮರುಭೇಟಿಗೂ ಸಿಗುವುದು ಅದೇ ಬೀಗ. ಅದಕ್ಕೆಂದೇ ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿ ಬೂತ್‌ ಹಾಕುತ್ತಾರೆ, ಇಟ್ಟಿಗೆ ಭಟ್ಟಿ, ಕಬ್ಬಿನ ಜೋಪಡಿಗಳಿಗೆ ಸಂಚಾರಿ ತಂಡ ಕಳಿಸುತ್ತಾರೆ.

ಪಲ್ಸ್ ಪೋಲಿಯೊ ಭಾನುವಾರದ ಹನಿಯೊಂದೇ ಸಾಲದು, ವಾಡಿಕೆಯ ಲಸಿಕೆಯೂ ಬೇಕು. ಹುಟ್ಟಿದಾಗ, 6, 10, 14ನೇ ವಾರಗಳಲ್ಲಿ ಹನಿ. 6 ಮತ್ತು 14ನೇ ವಾರ ಚುಚ್ಚುಮದ್ದು. 2023ರಿಂದ 9ನೇ ತಿಂಗಳಿಗೆ ಮೂರನೆಯ ಚುಚ್ಚುಮದ್ದೂ ಸೇರಿದೆ. ಗುಳೆ ಹೊರಡುವ ತಾಯಿ ಗಂಟಿನಲ್ಲಿ ಮಗುವಿನ ಲಸಿಕೆ ಬರೆದಿಟ್ಟ ತಾಯಿ ಕಾರ್ಡ್ ಇಟ್ಟುಕೊಂಡರೆ, ಮುಂದಿನ ಡೋಸ್ ಯಾವುದೆಂದು ಹೋದ ಊರಿನ ಸರ್ಕಾರಿ ಆಸ್ಪತ್ರೆಯ ನರ್ಸ್ ಅದನ್ನು ನೋಡಿಯೇ ಹೇಳಬಲ್ಲರು.