ಗುಜರಿ ಸೇರುವ ಬೀದಿದೀಪಕ್ಕೊಂದು ಮರುಜನ್ಮ

ವಿಶಾಖಪಟ್ಟಣದಲ್ಲಿ ನೆಲೆಸಿರುವ ಕನ್ನಡಿಗರು 2014ರ ಅಕ್ಟೋಬರ್ 12ನ್ನು ಅಷ್ಟು ಸುಲಭವಾಗಿ ಮರೆಯಲಾರರು. ಅಂದು ಹುದ್‌ಹುದ್ ಚಂಡಮಾರುತ ನೇರವಾಗಿ ನಗರದ ಮೇಲೆಯೇ ಬಂದೆರಗಿತು. ಗಂಟೆಗೆ ಸುಮಾರು 180 ಕಿ.ಮೀ. ವೇಗದ ಗಾಳಿಗೆ ಮರಗಳ ಜೊತೆ ವಿದ್ಯುತ್ ಕಂಬಗಳೂ ಸಾಲುಸಾಲಾಗಿ ಉರುಳಿದವು. ಬಡಾವಣೆಗಳು ದಿನಗಟ್ಟಲೆ ಕತ್ತಲಲ್ಲಿ ಕಳೆದವು. ಬೀದಿದೀಪ ಎಂಬುದರ ಬೆಲೆ ಬಹಳ ಜನಕ್ಕೆ ತಿಳಿದದ್ದೇ ಆಗ.

ಆ ನಂತರದ ತಿಂಗಳುಗಳಲ್ಲಿ ಊರಿನ ರಾತ್ರಿಯ ಬಣ್ಣವೇ ಬದಲಾಯಿತು. ಮಹಾನಗರಪಾಲಿಕೆಯು ಕೇಂದ್ರ ಸರಕಾರದ ಎನರ್ಜಿ ಎಫಿಷಿಯೆನ್ಸಿ ಸರ್ವೀಸಸ್ ಸಂಸ್ಥೆಯ ಮೂಲಕ ಸುಮಾರು 90 ಸಾವಿರ ಬೀದಿದೀಪಗಳನ್ನು ಎಲ್‌ಇಡಿಗೆ ಬದಲಾಯಿಸಿತು. ವಿದ್ಯುತ್ ಖರ್ಚು ಇಳಿಸುವ ಈ ಕೆಲಸವನ್ನು ತಪ್ಪೆನ್ನುವವರಿಲ್ಲ. ಆದರೆ ಕಂಬದಿಂದ ಕೆಳಗಿಳಿದ ಹಳದಿ ಬೆಳಕಿನ ಸೋಡಿಯಂ ದೀಪ, ಅದಕ್ಕೂ ಹಿಂದಿನ ನೀಲಿ ಛಾಯೆಯ ಪಾದರಸದ ದೀಪ, ಟ್ಯೂಬ್‌ಲೈಟಿನ ತಗಡಿನ ಪೆಟ್ಟಿಗೆ, ಬಲ್ಬಿನ ಮೇಲೆ ಟೋಪಿಯಂತೆ ಕೂತಿರುತ್ತಿದ್ದ ಎನಾಮಲ್ ತಟ್ಟೆ, ಇವುಗಳಿಗೆ ಯಾವ ಊರಿನಲ್ಲಾದರೂ ಗುಜರಿಯೇ ಗತಿ. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ಸವಕಳಿ ಕಳೆದು ಕಳೆದು ಇಂಥ ಸಾಮಾನಿನ ಪುಸ್ತಕ ಬೆಲೆ ಒಂದು ರೂಪಾಯಿಗೆ ಬಂದು ನಿಂತಿರುತ್ತದೆ. ಗುಜರಿಯವನಿಗೆ ಬೇಕಾದದ್ದು ಕಬ್ಬಿಣ, ಅಲ್ಯೂಮಿನಿಯಂ ಮತ್ತು ಚೋಕಿನೊಳಗಿನ ತಾಮ್ರದ ತೂಕ ಮಾತ್ರ. ಒಂದು ಊರಿನ ರಾತ್ರಿ ಹೇಗಿತ್ತು ಎಂಬುದಕ್ಕೆ ಯಾವ ಲೆಡ್ಜರಿನಲ್ಲೂ ಕಾಲಂ ಇಲ್ಲ.

ಬೀದಿದೀಪದ ವಿಷಯದಲ್ಲಿ ಕನ್ನಡಿಗರಿಗೆ ಸ್ವಲ್ಪ ಹೆಚ್ಚೇ ಅಭಿಮಾನ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಹೋದ ವಿದ್ಯುತ್, 1905ರ ಆಗಸ್ಟ್ 5ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ ಬಳಿ ಬೀದಿದೀಪವಾಗಿ ಬೆಳಗಿತು. ಇದು ಏಷ್ಯಾದಲ್ಲೇ ಮೊದಲನೆಯದು ಎಂದು ರಾಜ್ಯೋತ್ಸವದ ಭಾಷಣಗಳಲ್ಲಿ ಕೇಳಿಬರುವುದುಂಟು. ಟೋಕಿಯೋದ ಗಿನ್ಜಾ ಬೀದಿಯಲ್ಲಿ 1882ರಲ್ಲೇ ವಿದ್ಯುತ್ ದೀಪ ಉರಿದಿತ್ತಾದ್ದರಿಂದ ಈ ಮಾತನ್ನು ಇನ್ನು ಬಿಡುವುದು ಒಳ್ಳೆಯದು. ಜಲಪಾತದ ನೀರಿನಿಂದ ಹುಟ್ಟಿದ ಬೆಳಕು ಅಷ್ಟು ದೂರ ನಡೆದು ಬಂದು ಪೇಟೆ ಬೀದಿಯನ್ನು ಬೆಳಗಿತು ಎಂಬ ಹೆಮ್ಮೆಯೇನು ಕಡಿಮೆಯೇ?

ಹಳೆಯ ದೀಪಗಳನ್ನು ಹುಡುಕಿ, ಕೂಡಿಟ್ಟು, ಮತ್ತೆ ಉರಿಸುವ ಹವ್ಯಾಸ ಹೊರದೇಶಗಳಲ್ಲಿ ಚೆನ್ನಾಗಿ ಬೇರೂರಿದೆ. ಅಮೆರಿಕದ ಕಲಾವಿದ ಕ್ರಿಸ್ ಬರ್ಡನ್ ಅವರು 2000ದಲ್ಲಿ ಹಳೇ ಸಾಮಾನಿನ ಸಂತೆಯೊಂದರಲ್ಲಿ ಎರಕದ ಕಬ್ಬಿಣದ ಕಂಬಗಳನ್ನು ಕೊಂಡು ಈ ಗೀಳು ಹಚ್ಚಿಕೊಂಡರು. ಅವರು ದುರಸ್ತಿ ಮಾಡಿಸಿದ 1920-30ರ ದಶಕಗಳ 202 ದೀಪದ ಕಂಬಗಳು 2008ರಲ್ಲಿ ಲಾಸ್ ಏಂಜಲೀಸಿನ ಕಲಾ ಸಂಗ್ರಹಾಲಯದ ಮುಂದೆ ಸಾಲಾಗಿ ನಿಂತವು. ಬರ್ಲಿನ್ನಿನ ಉದ್ಯಾನವೊಂದರಲ್ಲಿ 1978ರಲ್ಲಿ ಸುಮಾರು 90 ಗ್ಯಾಸ್ ದೀಪಗಳ ಬಯಲು ಸಂಗ್ರಹಾಲಯ ತೆರೆಯಿತು. ಅಲ್ಲಿ ಕಿಡಿಗೇಡಿಗಳ ಕಾಟವೂ ಬಹಳವಾಯಿತು. ಕೂಡಿಟ್ಟರಷ್ಟೇ ಸಾಲದು, ಕಾವಲೂ ಬೇಕು.

ನಮ್ಮ ಕಡೆ ಇದು ಅಸಾಧ್ಯವೇನಲ್ಲ. ವಿಜಯವಾಡದ ಆಟೋನಗರ್‌ನಲ್ಲಿ ಲಾರಿ, ಬಸ್ಸುಗಳನ್ನು ಕಳಚಿ ಮತ್ತೆ ಕಟ್ಟುವ ಕುಶಲಕರ್ಮಿಗಳು ಸಾವಿರಗಟ್ಟಲೆ ಇದ್ದಾರೆ. ಲೇತ್, ವೆಲ್ಡಿಂಗ್, ತಗಡಿನ ಕೆಲಸ ಎಲ್ಲ ಒಂದೇ ಕಡೆ. ಆದರೂ ಕೆಲವು ಎಚ್ಚರಿಕೆಗಳು ಬೇಕು. ಎರಕದ ಕಬ್ಬಿಣದ ಬಿರುಕಿಗೆ ಸಾಮಾನ್ಯ ವೆಲ್ಡಿಂಗ್ ಹಾಕಿದರೆ ಪಕ್ಕದಲ್ಲೇ ಇನ್ನೊಂದು ಬಿರುಕು ಏಳುತ್ತದೆ. ಮೊದಲು ಕಾಯಿಸಿ, ನಿಕಲ್ ಕಡ್ಡಿಯಿಂದ ಬೆಸೆದು, ನಿಧಾನವಾಗಿ ಆರಲು ಬಿಡಬೇಕು. ಹಳೆಯ ಬಣ್ಣದಲ್ಲಿ ಸೀಸ ಇರುವ ಸಂಭವವಿರುವುದರಿಂದ ಒಣಗಿದ್ದಂತೆಯೇ ಉಜ್ಜಬಾರದು, ನೀರು ಹಾಕಿ ಉಜ್ಜಬೇಕು. ಪಾದರಸದ ದೀಪದ ಹೊರಗಾಜು ಒಡೆದಿದ್ದರೂ ಒಳಗಿನ ನಳಿಗೆ ಉರಿಯುತ್ತಲೇ ಇರಬಹುದು. ಆ ಬೆಳಕು ಕಣ್ಣಿಗೂ ಚರ್ಮಕ್ಕೂ ಕೆಟ್ಟದ್ದು. ಅಂಥದ್ದನ್ನು ನೋಡಲು ಇಟ್ಟುಕೊಳ್ಳಬಹುದೇ ಹೊರತು ಉರಿಸಕೂಡದು. ಹಳೆಯ ವೈರುಗಳನ್ನು ಪೂರ್ತಿ ತೆಗೆದು ಹೊಸದು ಹಾಕಿ, ಕಂಬಕ್ಕೆ ಅರ್ಥಿಂಗ್ ಕೊಡಲೇಬೇಕು. ವಿಶಾಖಪಟ್ಟಣದವರಿಗಂತೂ ಸಮುದ್ರದ ಉಪ್ಪುಗಾಳಿಯೇ ದೊಡ್ಡ ಶತ್ರು. ತುಕ್ಕು ತೆಗೆದ ದಿನವೇ ರೆಡ್ ಆಕ್ಸೈಡ್ ಬಳಿಯದಿದ್ದರೆ ಮರುದಿನ ಬೆಳಿಗ್ಗೆಗೆ ಮತ್ತೆ ಕೆಂಪು ಪುಡಿ.

ಇನ್ನೊಂದು ಮಾತು. ಬೀದಿಯ ಕಂಬ ಪಾಲಿಕೆಯ ಸ್ವತ್ತು. ಅಧಿಕೃತ ಹರಾಜಿನಲ್ಲಿ ಕೊಂಡು ರಸೀದಿ ಜೋಪಾನವಾಗಿಟ್ಟುಕೊಳ್ಳಬೇಕು. ಗುಜರಿ ಅಂಗಡಿಯಿಂದ ಬಿಲ್ಲಿಲ್ಲದೆ ತಂದ ಕಂಬ ನಾಳೆ ಪೊಲೀಸ್ ಠಾಣೆಯವರೆಗೆ ಕರೆದೊಯ್ದೀತು.

ನಿವೃತ್ತಿಯಾದ ಕುರ್ಸುರಾ ಜಲಾಂತರ್ಗಾಮಿಯನ್ನೇ ದಡಕ್ಕೆಳೆದು 2002ರಲ್ಲಿ ರಾಮಕೃಷ್ಣ ಬೀಚಿನಲ್ಲಿ ಸಂಗ್ರಹಾಲಯ ಮಾಡಿದ ಊರು ವಿಶಾಖಪಟ್ಟಣ. ವಿಜಯವಾಡದಲ್ಲಿ 1887ರಲ್ಲಿ ಅಡಿಗಲ್ಲು ಕಂಡ ವಿಕ್ಟೋರಿಯಾ ಜುಬಿಲಿ ಕಟ್ಟಡ ನವೀಕರಣಗೊಂಡು 2020ರಲ್ಲಿ ಬಾಪು ಮ್ಯೂಸಿಯಂ ಆಗಿ ಮತ್ತೆ ತೆರೆದಿದೆ. ಇಂಥ ಊರುಗಳಲ್ಲಿ ಕನ್ನಡ ಸಂಘವೊಂದು ತನ್ನ ಅಂಗಳದಲ್ಲಿ ಹಳೆಯ ದೀಪದ ಕಂಬವೊಂದನ್ನು ನಿಲ್ಲಿಸುವುದು ಹೆಚ್ಚಿನ ಮಾತಲ್ಲ. ಬುಡದಲ್ಲಿ ಅದು ಯಾವ ಬೀದಿಯದು, ಯಾವ ವರ್ಷ ಇಳಿಸಿದ್ದು ಎಂದು ಕನ್ನಡದಲ್ಲೂ ತೆಲುಗಿನಲ್ಲೂ ಬರೆಸಿದರಾಯಿತು. ಹಾಗೆ ನಿಲ್ಲಿಸುವವರು ಸೋಡಿಯಂ ದೀಪವನ್ನೇ ಆರಿಸಿಕೊಂಡರೆ ರಾಜ್ಯೋತ್ಸವದ ಸಂಜೆ ಅತಿಥಿಗಳು ಬರುವ ಮೊದಲೇ ಸ್ವಿಚ್ ಹಾಕಿಡಬೇಕು. ಆ ದೀಪ ಪೂರ್ತಿ ಹಳದಿಗೆ ತಿರುಗಲು ಕೆಲವು ನಿಮಿಷ ಹಿಡಿಯುತ್ತದೆ.