ಹಗರಿಗೆ ಎರಡು ಮಳೆಗಾಲ

ಜುಲೈ ನಡುವೆ, ಪುನರ್ವಸು ಮಳೆಯ ದಿನಗಳಲ್ಲಿ, ಚಳ್ಳಕೆರೆಯ ಬೆದ್ದಲಿನಲ್ಲಿ ನಿಂತರೆ ಉಟ್ಟ ಪಂಚೆ ಹಾರಿಹೋಗುವಂಥ ಗಾಳಿ. ತಲೆಯ ಮೇಲೆ ಮೋಡಗಳು ಪಡುವಣದಿಂದ ಮೂಡಣಕ್ಕೆ ದಂಡು ಹೊರಟಂತೆ ಓಡುತ್ತವೆ, ಹನಿ ಮಾತ್ರ ಉದುರುವುದಿಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲಿನ ಗಾಳಿಯಂತ್ರಗಳಿಗೆ ಅದು ಸುಗ್ಗಿ. ಶೇಂಗಾ ಬಿತ್ತಿ ಕೂತವರಿಗಲ್ಲ.

ಅದೇ ವಾರ, ಈ ಬಯಲಲ್ಲಿ ಹರಿಯುವ ನದಿಯ ತಲೆಭಾಗದಲ್ಲಿ ಕೊಡೆ ಮಡಚಲು ಬಿಡುವಿರುವುದಿಲ್ಲ. ವೇದಾವತಿ ಹುಟ್ಟುವುದು ಚಿಕ್ಕಮಗಳೂರಿನ ಚಂದ್ರದ್ರೋಣ ಗಿರಿಗಳಲ್ಲಿ. ಅಲ್ಲಿಂದ ಹೊಸದುರ್ಗ, ಹಿರಿಯೂರು ಹಾದು, ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರದ ಕಡೆಯಿಂದ ಆಂಧ್ರಕ್ಕೆ ಇಣುಕಿ, ಹಗರಿ ಎಂಬ ಹೆಸರಿನಲ್ಲಿ ಬಳ್ಳಾರಿ ಸೀಮೆಗೆ ಇಳಿದು ತುಂಗಭದ್ರೆಯನ್ನು ಕೂಡುತ್ತದೆ. ಮೊಳಕಾಲ್ಮೂರಿನ ಚಿನ್ನಹಗರಿಯೂ ಕೊನೆಗೆ ಸೇರುವುದು ಈ ಹಗರಿಯನ್ನೇ. ನದಿ ಒಂದಾದರೂ ಅದರ ಮೇಲೆ ದೊಡ್ಡ ಮಳೆ ಬೀಳುವ ಕಾಲ ಒಂದಲ್ಲ.

ಮುಂಗಾರಿನ ಗಾಳಿ ಅರಬ್ಬೀ ಸಮುದ್ರದಿಂದ ತರುವ ತೇವದ ದೊಡ್ಡ ಪಾಲು ಘಟ್ಟ ಏರುವಾಗ ತಣ್ಣಗಾಗಿ ಅಲ್ಲೇ ಸುರಿದುಹೋಗುತ್ತದೆ. ಬೆಟ್ಟ ದಾಟಿ ಇಳಿಯುವ ಗಾಳಿ ಮತ್ತೆ ಬಿಸಿಯಾಗುತ್ತದೆ. ಬಿಸಿಯಾದ ಗಾಳಿ ಇದ್ದ ತೇವವನ್ನು ಬಿಟ್ಟುಕೊಡುವುದಿಲ್ಲ. ಆದ್ದರಿಂದಲೇ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ ಚಳ್ಳಕೆರೆ, ಮೊಳಕಾಲ್ಮೂರುಗಳಲ್ಲಿ 500ರ ಆಸುಪಾಸಿಗೆ ಬಂದು ನಿಲ್ಲುತ್ತದೆ.

ಹಾಗಾದರೆ ‘ಭಾರಿ ಮಳೆ’ ಎಂದರೆ ಎಷ್ಟು? ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 64.5 ಮಿ.ಮೀ. ಮುಟ್ಟಿದರೆ ಭಾರಿ, 204.4 ದಾಟಿದರೆ ಅತ್ಯಂತ ಭಾರಿ. ಆಗುಂಬೆಯಲ್ಲಿ ಜುಲೈನ ಒಂದು ದಿನ 65 ಮಿ.ಮೀ. ಸುರಿದರೆ ಯಾರೂ ಅದರ ಮಾತೇ ಎತ್ತುವುದಿಲ್ಲ. ಚಳ್ಳಕೆರೆಯಲ್ಲಿ ಅಷ್ಟು ಸುರಿದರೆ ವರ್ಷದ ಮಳೆಯಲ್ಲಿ ಎಂಟನೆಯ ಒಂದು ಪಾಲು ಒಂದೇ ರಾತ್ರಿ ಮುಗಿದಂತೆ. ಇದಕ್ಕೇ ವಿಜ್ಞಾನಿಗಳು ಎಲ್ಲ ಊರಿಗೂ ಒಂದೇ ಗೆರೆ ಎಳೆಯದೆ, ಆಯಾ ಜಾಗದ ಮಳೆದಿನಗಳನ್ನು ಸಾಲಾಗಿ ಜೋಡಿಸಿ ಮೇಲಿನ ನೂರಕ್ಕೆ ಐದನ್ನೋ ಒಂದನ್ನೋ ‘ವಿಪರೀತ’ ಎಂದು ಗುರುತಿಸುತ್ತಾರೆ. ಬಯಲುಸೀಮೆಗೆ ಈ ಅಳತೆಯೇ ನ್ಯಾಯ.

ಬಯಲುಸೀಮೆಯ ವಿಪರೀತ ದಿನಗಳು ಹೆಚ್ಚಾಗಿ ಬರುವುದು ಉತ್ತರೆ, ಹಸ್ತ, ಚಿತ್ತೆಯ ಹೊತ್ತಿಗೆ, ಅಂದರೆ ಸೆಪ್ಟೆಂಬರ್–ಅಕ್ಟೋಬರಿನಲ್ಲಿ. ಆಗ ಪಡುವಣ ಗಾಳಿಯ ಬಿರುಸು ಇಳಿದಿರುತ್ತದೆ. ಹಗಲಿಡೀ ಕಾದ ನೆಲ ತೇವದ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ. ಸಂಜೆಗೆ ಮೋಡ ಗೋಪುರದಂತೆ ಬೆಳೆದು ಗುಡುಗಿ, ಒಂದು ಊರಿನ ಮೇಲೆ ಕವುಚಿಕೊಂಡು ಪಕ್ಕದೂರನ್ನು ಒಣಗಲು ಬಿಡುತ್ತದೆ. ಅದರ ಮೇಲೆ ಬಂಗಾಳ ಕೊಲ್ಲಿಯಿಂದ ವಾಯುಭಾರ ಕುಸಿತವೊಂದು ಒಳನಾಡಿಗೆ ಬಂದರೆ ಮಳೆ ಒಂದೂರಿನ ಲೆಕ್ಕಕ್ಕೆ ನಿಲ್ಲುವುದಿಲ್ಲ.

2009 ಇದಕ್ಕೆ ಸಾಕ್ಷಿ. ಆ ವರ್ಷ ದೇಶದಲ್ಲಿ ಮುಂಗಾರು ವಾಡಿಕೆಗಿಂತ ಶೇ. 22ರಷ್ಟು ಕಡಿಮೆ, ಲೆಕ್ಕದ ಪುಸ್ತಕದಲ್ಲಿ ಅದು ಬರದ ವರ್ಷ. ಸೆಪ್ಟೆಂಬರ್ ಕೊನೆಯ ಕೆಲವೇ ದಿನಗಳಲ್ಲಿ ಉತ್ತರ ಕರ್ನಾಟಕ, ರಾಯಲಸೀಮೆಗಳ ಬಯಲಿನ ಮೇಲೆ ಸುರಿದ ಮಳೆಗೆ ತುಂಗಭದ್ರೆ ಉಕ್ಕಿ ಮಂತ್ರಾಲಯ, ಕರ್ನೂಲು ಮುಳುಗಿದವು. 19 ಲಕ್ಷ ಕ್ಯೂಸೆಕ್ ತಾಳಲೆಂದು ಕೃಷ್ಣೆಗೆ ಕಟ್ಟಿದ ಶ್ರೀಶೈಲಂ ಅಣೆಕಟ್ಟೆಗೆ ಬಂದದ್ದು ಸುಮಾರು 25 ಲಕ್ಷ. ಹತ್ತು ವರ್ಷದ ಮೇಲೆ, 2019ರ ಆಗಸ್ಟಿನಲ್ಲಿ, ಇದೇ ಕೃಷ್ಣಾ ಕೊಳ್ಳ ಮತ್ತೆ ಮುಳುಗಿತು. ಆ ಸಲ ನೀರು ಬಂದದ್ದು ಘಟ್ಟದಿಂದ. ಎರಡನ್ನೂ ‘ಕೃಷ್ಣೆಯ ಪ್ರವಾಹ’ ಎಂದು ಒಂದೇ ಕಡತಕ್ಕೆ ಸೇರಿಸುವುದು ಅನುಕೂಲವೇ ಸರಿ, ಆದರೆ ಎರಡು ಬೇರೆ ಯಂತ್ರಗಳ ಕೆಲಸ ಅದು.

ಭೂಮಿ ಬಿಸಿಯಾಗುವುದು ಈ ಎರಡು ಯಂತ್ರಗಳಿಗೂ ಎಣ್ಣೆ ಹಾಕಿದಂತೆ. ಉಷ್ಣಾಂಶ ಒಂದು ಡಿಗ್ರಿ ಏರಿದರೆ ಗಾಳಿ ಹೊರಬಲ್ಲ ತೇವ ಶೇ. 7ರಷ್ಟು ಹೆಚ್ಚುತ್ತದೆ. ಹವಾಮಾನ ವಿಜ್ಞಾನಿ ಬಿ. ಎನ್. ಗೋಸ್ವಾಮಿ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದ್ದು ಇದಕ್ಕೆ ಹೊಂದುತ್ತದೆ: 1951ರಿಂದ 2000ದವರೆಗೆ ಮಧ್ಯಭಾರತದಲ್ಲಿ ಭಾರಿ ಮಳೆಯ ಘಟನೆಗಳು ಹೆಚ್ಚಿದವು, ಸಾಧಾರಣ ಮಳೆಯವು ಕಡಿಮೆಯಾದವು, ಒಟ್ಟು ಮೊತ್ತ ಹೆಚ್ಚುಕಡಿಮೆ ಅಷ್ಟೇ ಉಳಿಯಿತು. ಸರಾಸರಿ ಎಂಬುದು ಎಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲದು ನೋಡಿ.

ಮಾರಿಕಣಿವೆ ಇದನ್ನು ಇನ್ನಷ್ಟು ದೀರ್ಘ ಲೆಕ್ಕದಲ್ಲಿ ಬರೆದಿಟ್ಟಿದೆ. ಹಿರಿಯೂರಿನ ಹತ್ತಿರ ಈ ಕಣಿವೆಯಲ್ಲಿ ವೇದಾವತಿಗೆ ಅಡ್ಡ ಕಟ್ಟಿದ ವಾಣಿವಿಲಾಸ ಸಾಗರ 1907ರಲ್ಲಿ ಮುಗಿಯಿತು. ಹಿಡಿಯುವ ನೀರು 30 ಟಿಎಂಸಿ. 1933ರಲ್ಲಿ ಒಮ್ಮೆ ಕೋಡಿ ಹರಿಯಿತು. ಮತ್ತೆ ಹರಿದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷದ ಮೇಲೆ. ಅಷ್ಟು ಹೊತ್ತಿಗೆ ಕಾಲುವೆಯಿಂದ ಬಂದ ಭದ್ರೆಯ ನೀರೂ ಕೈಜೋಡಿಸಿತ್ತು, ನಿಜ. ಆದರೂ ಕೊನೆಯ ಅಡಿಗಳನ್ನು ಏರಿಸಿದ್ದು ಆ ವರ್ಷದ ಮಳೆ.

ಹಿಂದೆ ಇಂಥ ಮಳೆಯನ್ನು ಅಳೆಯುವ ಮಾಪಕಗಳೇ ವಿರಳ. ಗುಡುಗುಮಳೆ ಮಾಪಕದ ಪಕ್ಕದಲ್ಲೇ ಹಾದುಹೋದರೂ ದಾಖಲೆಯಲ್ಲಿ ಸೊನ್ನೆ. ಈಗ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗೊಂದರಂತೆ ಮಾಪಕ ನಿಲ್ಲಿಸಿದೆ. ಇಂಥ ಮಾಪಕದ ಒಳಗೆ ಏತದಂತೆ ತೂಗುವ ಪುಟ್ಟ ಜೋಡಿ ಬಟ್ಟಲು ಇರುತ್ತದೆ. ಒಂದು ತುಂಬಿದ ಕೂಡಲೇ ಮಗುಚಿಕೊಳ್ಳುತ್ತದೆ, ಇನ್ನೊಂದು ಹನಿಗೆ ಬಾಯಿ ಒಡ್ಡುತ್ತದೆ. ಸೋನೆಗೆ ಟಕ್... ಟಕ್ ಎನ್ನುವುದು ಹಸ್ತದ ಮಳೆಗೆ ಪಟಪಟನೆ ಬಡಿದುಕೊಳ್ಳುತ್ತದೆ. ಆ ಬಡಿತದ ಎಣಿಕೆಯೇ ಮಳೆಯ ಬಿರುಸು.

ಬಿರುಸು ಏಕೆ ಮುಖ್ಯ ಎಂಬುದು ಹೊಲದಲ್ಲಿ ಗೊತ್ತಾಗುತ್ತದೆ. ಒಂದು ಎಕರೆ ಮೇಲೆ 60 ಮಿ.ಮೀ. ಮಳೆ ಎಂದರೆ 2.4 ಲಕ್ಷ ಲೀಟರ್ ನೀರು. ಹತ್ತು ದಿನಕ್ಕೆ ಹಂಚಿ ಬಂದರೆ ಕೆಂಪು ಮಣ್ಣು ಬಹುಪಾಲನ್ನು ಕುಡಿಯುತ್ತದೆ. ಒಂದೇ ಗಂಟೆಯಲ್ಲಿ ಬಂದರೆ ಮೇಲ್ಮಣ್ಣು ಹೆಪ್ಪುಗಟ್ಟಿ, ನೀರು ಮಣ್ಣನ್ನೂ ಎಳೆದುಕೊಂಡು ಹಳ್ಳಕ್ಕೆ ಓಡುತ್ತದೆ. ಮೊಳಕಾಲ್ಮೂರಿನ ನೇಕಾರರಿಗೆ ಬೇರೆಯದೇ ಚಿಂತೆ: ನೆಲ ತೋಡಿ ಕೂರಿಸಿದ ಗುಂಡಿಮಗ್ಗಕ್ಕೆ ನೀರು ನುಗ್ಗಿದರೆ ಮಗ್ಗದ ಮೇಲಿನ ರೇಷ್ಮೆ ಹಾಸು ಕೆಟ್ಟಂತೆ.

ಶೇಂಗಾ ಗಿಡಕ್ಕೆ ನೀರು ಬೇಕಾದದ್ದು ಆಗಸ್ಟಿನಲ್ಲಿ, ಹೂವು ಬಾಡಿ ಅದರ ಸೂಜಿಯಂಥ ಎಳೆ ಮಣ್ಣಿಗೆ ಇಳಿದು ಕಾಯಿ ಕಟ್ಟುವಾಗ. ಆಗ ಆಕಾಶದಲ್ಲಿ ಗಾಳಿಯಷ್ಟೇ. ಚಿತ್ತೆಯ ರಾತ್ರಿ ಮಳೆ ಹೊಡೆಯುವ ಹೊತ್ತಿಗೆ ಗಿಡ ಕಿತ್ತು ಹೊಲದಲ್ಲಿ ಒಣಹಾಕಿರುತ್ತಾರೆ. ಬೆಳಗ್ಗೆ ಊರವರೆಲ್ಲ ಕೆರೆಗೆ ಎಷ್ಟು ನೀರು ಬಂತೆಂದು ನೋಡಲು ಏರಿಯ ಮೇಲೆ ಸೇರಿದರೆ, ಹೊಲದವರು ಬಳ್ಳಿಯ ಗುಡ್ಡೆಗಳನ್ನು ಮಗುಚಿ ಹಾಕುತ್ತಿರುತ್ತಾರೆ. ನಾಲ್ಕು ದಿನ ಬಿಸಿಲು ಬಾರದಿದ್ದರೆ ಸಿಪ್ಪೆ ಕಪ್ಪಾಗಿ, ಕಾಯಿ ಒಳಗೇ ಮೊಳಕೆ ಒಡೆಯುತ್ತದೆ. ದನಕ್ಕೆಂದು ಇಟ್ಟ ಹೊಟ್ಟೂ ಕೊಳೆಯುತ್ತದೆ.